ಸ್ವಯಂಸೇವಕ ಅಗ್ನಿಶಾಮಕರಿಗೆ ಯಾವ ಫಿಟ್‌ನೆಸ್ ಕ್ರಮ ಹೊಂದುತ್ತದೆ? ಓಟ, ಜಿಮ್, ಮನೆ ವ್ಯಾಯಾಮ, ಠಾಣೆಯ ಡ್ರಿಲ್: ಒಂದು ಹೋಲಿಕೆ

ರಾತ್ರಿ ಎರಡೂವರೆಗೆ ಫೋನ್ ಬಡಿದುಕೊಳ್ಳುತ್ತದೆ. ಅರ್ಧ ಗಂಟೆ ಹಿಂದೆ ಗಾಢ ನಿದ್ದೆಯಲ್ಲಿದ್ದ ಮನುಷ್ಯ ಈಗ ಫೈರ್ ಸೂಟ್ ತೊಟ್ಟು, ಬೆನ್ನಿಗೆ ಬಿಎ ಸೆಟ್ (ಹೊಗೆಯಲ್ಲಿ ಉಸಿರಾಡಲು ಗಾಳಿಯ ಸಿಲಿಂಡರ್, ಮಾಸ್ಕ್ ಇರುವ ಉಪಕರಣ) ಏರಿಸಿ, ಹೆಗಲ ಮೇಲೆ ಹೋಸ್ ಹೊತ್ತು ಮೂರನೇ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದಾನೆ. ಮೈಮೇಲಿನ ಸಾಮಾನಿನ ತೂಕವೇ 20ರಿಂದ 25 ಕಿಲೋ. ಮೈ ಬಿಸಿ ಮಾಡಿಕೊಳ್ಳಲು ಹೊತ್ತು ಸಿಕ್ಕಿಲ್ಲ. ಬೆಳಗಾದರೆ ಅವನು ತನ್ನ ಹೊಟ್ಟೆಪಾಡಿನ ಕೆಲಸಕ್ಕೂ ಹೋಗಬೇಕು.

ಸಂಬಳದ ಮೇಲೆ ಇರುವ ಸಿಬ್ಬಂದಿಗೆ ಎಷ್ಟೋ ಕಡೆ ಪಾಳಿಯಲ್ಲೇ ವ್ಯಾಯಾಮಕ್ಕೆ ಸಮಯ ಸಿಗುತ್ತದೆ. ಪಾಳಿ ಮುಗಿದ ಮೇಲೆ ವಿಶ್ರಾಂತಿ ಇರುತ್ತದೆ. ಸ್ವಯಂಸೇವಕರಿಗೆ ಇದು ಯಾವುದೂ ಇಲ್ಲ. ಕರೆ ಯಾವ ದಿನ ಬರುತ್ತದೆ ಅಂತ ಗೊತ್ತಿಲ್ಲ, ಒಂದು ತಂಡದಲ್ಲಿ ಇಪ್ಪತ್ತರ ಹುಡುಗನೂ ಇರುತ್ತಾನೆ, ಅರವತ್ತು ಹತ್ತಿರವಾದವರೂ ಇರುತ್ತಾರೆ. ಹಾಗಾಗಿ ಪೂರ್ಣಾವಧಿಯವರ ವ್ಯಾಯಾಮದ ಪಟ್ಟಿಯನ್ನು ಹಾಗೇ ತಂದು ಗೋಡೆಗೆ ಅಂಟಿಸಿದರೆ ನಡೆಯುವುದಿಲ್ಲ. ಹಲವು ವರ್ಷ ಸ್ವಯಂಸೇವಕನಾಗಿ ಇವುಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿ ನೋಡಿದ್ದೇನೆ. ಈಗ ಯಾವ ಕ್ರಮವನ್ನೇ ತೂಗಿದರೂ ನಾನು ಕೇಳಿಕೊಳ್ಳುವುದು ಇಷ್ಟೇ: ಇವತ್ತು ಸಂಜೆ ಇದನ್ನು ಮಾಡಿ, ಇವತ್ತು ರಾತ್ರಿಯೇ ಕರೆ ಬಂದರೆ ನಾನು ಏಣಿ ಹತ್ತಬಲ್ಲೆನಾ? ಮನೆ, ಕೆಲಸ ಎಲ್ಲ ನೋಡಿಕೊಂಡು ಒಂದು ವರ್ಷ ಇದನ್ನು ಬಿಡದೆ ಮಾಡಲು ಆಗುತ್ತಾ?

ಮೊದಲು ಹೃದಯದ ಮಾತು

ಅಗ್ನಿಶಾಮಕರನ್ನು ಬೆಂಕಿ, ಹೊಗೆ, ಕುಸಿಯುವ ಗೋಡೆಗಳೇ ಜಾಸ್ತಿ ಕೊಲ್ಲುತ್ತವೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅಮೆರಿಕದ ಲೆಕ್ಕ ಬೇರೆ ಹೇಳುತ್ತದೆ. ಅಲ್ಲಿ ಕರ್ತವ್ಯದಲ್ಲಿದ್ದಾಗ ಆಗುವ ಸಾವುಗಳಿಗೆ ಹೃದಯದ ಕಾಯಿಲೆಯೇ ಬಹಳ ಕಾಲದಿಂದ ಮೊದಲ ಕಾರಣ. 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 1994ರಿಂದ 2004ರವರೆಗಿನ ಸಾವುಗಳನ್ನು ನೋಡಿತು. ಬೆಂಕಿ ಆರಿಸುವ ಕೆಲಸಕ್ಕೆ ಹೋಗುವುದು ಒಟ್ಟು ಸಮಯದಲ್ಲಿ ಶೇಕಡಾ 1ರಿಂದ 5 ಮಾತ್ರ. ಆದರೆ ಹೃದಯದ ಕಾಯಿಲೆಯ ಸಾವುಗಳಲ್ಲಿ ಶೇಕಡಾ 32 ಆ ಕೆಲಸದ ಹೊತ್ತಲ್ಲೇ ಆಗಿದ್ದವು. ಕಾರಣ ಊಹಿಸಲು ಕಷ್ಟವಿಲ್ಲ. ಕರೆ ಬಂದ ಕೂಡಲೇ ಎದೆಬಡಿತ ಏರುತ್ತದೆ. ಮೇಲೆ ಭಾರ, ಒಳಗೆ ಸೆಕೆ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ರಕ್ತ ಮಂದವಾಗುತ್ತದೆ. ಮೊದಲೇ ಕಿರಿದಾದ ರಕ್ತನಾಳ ಇದ್ದವರಿಗೆ ಅಷ್ಟು ಸಾಕು.

ಅದಕ್ಕೇ ಯಾವ ಕ್ರಮ ಆರಿಸುವ ಮುಂಚೆಯೂ ವೈದ್ಯರ ಹತ್ತಿರ ಹೋಗಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ನೋಡಿಸಿ. ನಲವತ್ತು ದಾಟಿದ್ದರೆ, ಸಿಗರೇಟಿನ ಅಭ್ಯಾಸ ಇದ್ದರೆ, ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಬಾಯಿ ಬಿಟ್ಟು ಕೇಳಿ. ನೀವು ಬೆಂಕಿ ಆರಿಸಲು ಹೋಗುವವರು ಅಂತ ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ. "ಸ್ವಲ್ಪ ವ್ಯಾಯಾಮ ಮಾಡ್ತೀನಿ" ಅಂದರೆ ಅವರು ಬೆಳಗಿನ ವಾಕಿಂಗ್ ಅಂದುಕೊಳ್ಳುತ್ತಾರೆ. ಜರ್ಮನಿಯಲ್ಲಿ ಬಿಎ ಸೆಟ್ ಹಾಕುವವರು ಸ್ವಯಂಸೇವಕರಾದರೂ 50 ವಯಸ್ಸಿನವರೆಗೆ ಮೂರು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ನಿಮ್ಮ ತಂಡದಲ್ಲಿ ಅಂಥ ನಿಯಮ ಇಲ್ಲದಿದ್ದರೆ ನೀವೇ ಹಾಕಿಕೊಳ್ಳಿ.

ಕೆಲಸ ಏನು ಕೇಳುತ್ತದೆ?

ಮೊದಲನೆಯದು ದಮ್ಮು. ಬೆಂಕಿ ಆರಿಸುವವರಿಗೆ ಬೇಕಾದ ಆಮ್ಲಜನಕ ಬಳಕೆಯ ಮಟ್ಟ ನಿಮಿಷಕ್ಕೆ, ಮೈತೂಕದ ಪ್ರತಿ ಕಿಲೋಗೆ ಸುಮಾರು 42 ಮಿಲಿಲೀಟರ್ ಅಂತ ಬ್ರಿಟನ್‌ನಲ್ಲೂ ಅಮೆರಿಕದಲ್ಲೂ ಲೆಕ್ಕ ಹಾಕಿದ್ದಾರೆ. ಇದನ್ನು ಅಳೆಯಲು ಲ್ಯಾಬ್ ಬೇಕು. ಆದರೆ ಅಂದಾಜಿಗೆ 12 ನಿಮಿಷದ ಓಟ ಸಾಕು. 12 ನಿಮಿಷದಲ್ಲಿ ಹೆಚ್ಚುಕಡಿಮೆ 2.4 ಕಿಲೋಮೀಟರ್ ಓಡಿದರೆ ನೀವು ಆ ಮಟ್ಟದ ಹತ್ತಿರ ಇದ್ದೀರಿ. ವೈದ್ಯರು ಸೈ ಅಂದ ಮೇಲೆ, ಕೆಲವು ವಾರ ರೂಢಿಯಾದ ಮೇಲೆ ಮಾತ್ರ ಇದನ್ನು ಮಾಡಿ ನೋಡಿ.

ದಮ್ಮಿನ ಬೆಲೆ ಗೊತ್ತಾಗುವುದು ಬಿಎ ಸೆಟ್ಟಿನ ಸಿಲಿಂಡರಿನಲ್ಲಿ. 6.8 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಒಳಗಿರುವುದು ಸುಮಾರು 2000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಳೆಯುವವರಿಗೆ ಅದು 50 ನಿಮಿಷ ಬರುತ್ತದೆ. ಏದುಸಿರು ಬಿಡುತ್ತಾ 80 ಲೀಟರ್ ಎಳೆದರೆ 25 ನಿಮಿಷಕ್ಕೇ ಖಾಲಿ. ವಾಪಸ್ ಬರಲು ಗಾಳಿ ಉಳಿಸಿಕೊಳ್ಳಬೇಕಲ್ವಾ, ಅದನ್ನು ಕಳೆದರೆ ಕೆಲಸಕ್ಕೆ ಸಿಗುವ ಹೊತ್ತು ಇನ್ನೂ ಕಡಿಮೆ. ಜೋಡಿಯಾಗಿ ಒಳಗೆ ಹೋದಾಗ ಒಬ್ಬರ ಸೆಟ್ ಗಾಳಿ ಮುಗಿಯುತ್ತಾ ಬಂತು ಅಂತ ಶಿಳ್ಳೆ ಹಾಕಿದರೆ ಇಬ್ಬರೂ ಹೊರಗೆ ಬರಬೇಕು. ನನ್ನ ದಮ್ಮು ಕಡಿಮೆಯಾದರೆ ಪಕ್ಕದವರ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ.

ಎರಡನೆಯದು ಸೊಂಟ ಮತ್ತು ತೊಡೆಯ ಬಲ. ಎಳೆಯುವುದು, ಎತ್ತುವುದು, ಮಂಡಿಯೂರಿ ಸಾಗುವುದು ಎಲ್ಲ ಅಲ್ಲಿಂದಲೇ. ಮೂರನೆಯದು ಕೈಹಿಡಿತ. ನೀರು ತುಂಬಿದ ಹೋಸ್ ಹಿಡಿದು ಐದು ನಿಮಿಷ ನಿಂತರೆ ಮುಂಗೈ ಕಲ್ಲಾಗುತ್ತದೆ. ಬೆರಳು ತಾನಾಗಿಯೇ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ತುಂಬಾ ವ್ಯಾಯಾಮ ಕ್ರಮಗಳು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಬರೀ ಓಟ ಅಥವಾ ಸೈಕಲ್

ಶುರು ಮಾಡಲು ಇದಕ್ಕಿಂತ ಸುಲಭದ್ದು ಇಲ್ಲ. ಹೃದಯಕ್ಕೆ ಒಳ್ಳೆಯದು, ಯಾರ ಸಹಾಯವೂ ಬೇಡ, ಮರುದಿನ ಮೈಕೈ ನೋವು ಕಡಿಮೆ. ಮಾತಾಡುತ್ತಾ ಓಡಲು ಆಗುವ ವೇಗದಲ್ಲಿ ವಾರಕ್ಕೆ ಮೂರು ಸಲ 30ರಿಂದ 40 ನಿಮಿಷ ಓಡಿದರೆ ಎರಡು ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಅಂಥ ಓಟದ ದಿನ ರಾತ್ರಿ ಕರೆ ಬಂದರೂ ಯೋಚನೆ ಇಲ್ಲ.

ಆದರೆ ಇದೊಂದೇ ಸಾಲದು. ಚೆನ್ನಾಗಿ ಓಡುವ ತೆಳ್ಳಗಿನ ಹುಡುಗರು ಅಭ್ಯಾಸಕ್ಕೆ ಇಡುವ, ಮನುಷ್ಯನ ಆಕಾರದ 75 ಕಿಲೋ ಬೊಂಬೆ ಎಳೆಯುವಾಗ ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಉಸಿರು ಚೆನ್ನಾಗಿಯೇ ಇರುತ್ತದೆ. ಬೊಂಬೆ ಅಲುಗುವುದಿಲ್ಲ. ಮೈತೂಕ ಜಾಸ್ತಿ ಇರುವವರು, ಮಂಡಿ ನೋವು ಇರುವವರು ಓಟದ ಬದಲು ಸೈಕಲ್ ಅಥವಾ ಜೋರು ನಡಿಗೆ ಆರಿಸಿಕೊಳ್ಳಿ. ಹೃದಯಕ್ಕೆ ಸಿಗುವ ಲಾಭ ಅದರಲ್ಲೂ ಸಿಗುತ್ತದೆ.

ಜಿಮ್ಮಿನ ಭಾರ

ಸ್ಕ್ವಾಟ್ (ಭಾರ ಹೊತ್ತು ಬಸ್ಕಿ), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ರೋಯಿಂಗ್ (ಭಾರವನ್ನು ಮೈಯತ್ತ ಎಳೆಯುವುದು), ತಲೆ ಮೇಲೆ ಭಾರ ಎತ್ತುವುದು: ಈ ನಾಲ್ಕು ಅಗ್ನಿಶಾಮಕರ ಕೆಲಸಕ್ಕೆ ತುಂಬಾ ಹತ್ತಿರ. ಬಲ ಒಮ್ಮೆ ಬಂದರೆ ಬೇಗ ಹೋಗುವುದಿಲ್ಲ ಅನ್ನುವುದು ಇದರ ದೊಡ್ಡ ಗುಣ. ದಮ್ಮು ಎರಡು ಮೂರು ವಾರ ಬಿಟ್ಟರೆ ಇಳಿಯತೊಡಗುತ್ತದೆ, ಬಲ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಕೆಲಸದ ಒತ್ತಡದಲ್ಲಿ ನಡುನಡುವೆ ಬಿಟ್ಟುಹೋಗುವ ನಮ್ಮಂಥವರಿಗೆ ಇದು ಅನುಕೂಲ.

ತೊಂದರೆ ಇರುವುದು ಜಿಮ್ಮಿನಲ್ಲಿ ಜನ ಏನು ಮಾಡುತ್ತಾರೆ ಅನ್ನುವುದರಲ್ಲಿ. ಹೆಚ್ಚಿನವರು ಕನ್ನಡಿ ಮುಂದೆ ನಿಂತು ತೋಳು, ಎದೆ ಅಂತ ಒಂದೊಂದೇ ಭಾಗ ಬೆಳೆಸುತ್ತಾರೆ. ಅದು ನಮಗೆ ಬೇಡ. ಇಡೀ ಮೈ ಕೆಲಸ ಮಾಡುವ ವ್ಯಾಯಾಮ, ವಾರಕ್ಕೆ ಎರಡು ದಿನ, ಪ್ರತಿ ಸೆಟ್ಟಿನ ಕೊನೆಗೆ ಇನ್ನೂ ಎರಡು ಸಲ ಎತ್ತುವಷ್ಟು ಶಕ್ತಿ ಉಳಿಸಿಕೊಂಡು ನಿಲ್ಲಿಸುವುದು. ಇಷ್ಟು ಪಾಲಿಸಿದರೆ ಜಿಮ್ ಒಳ್ಳೆಯ ಆಯ್ಕೆ. ಜಿಮ್ಮಿಗೆ ಹೋಗಿ ಬರುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ ಅಂದರೆ ಯೋಚನೆ ಮಾಡಿ. ಆ ಒಂದು ಗಂಟೆಯಲ್ಲಿ ಮನೆಯಲ್ಲೇ ಎಲ್ಲ ಮುಗಿಯುತ್ತದೆ.

ಮೈ ಹಿಂಡುವ ಜೋರು ಕ್ಲಾಸುಗಳು

ಗಡಿಯಾರ ಇಟ್ಟು, ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಮಾಡುವ ಕ್ಲಾಸುಗಳು ಅಗ್ನಿಶಾಮಕರಿಗೆ ತುಂಬಾ ಇಷ್ಟ. ನನಗೂ ಇಷ್ಟವಾಗಿತ್ತು. ಕೆಲಸದ ಸ್ವಭಾವಕ್ಕೆ ಹತ್ತಿರ ಅನಿಸುತ್ತದೆ, ತಂಡ ಗಟ್ಟಿಯಾಗುತ್ತದೆ, ಕಡಿಮೆ ಹೊತ್ತಿನಲ್ಲಿ ದಮ್ಮು ಬಲ ಎರಡೂ ಏರುತ್ತವೆ.

ಒಂದು ಭಾನುವಾರ ಹಾಗೇ ಒಂದು ಕ್ಲಾಸಿನಲ್ಲಿ ಇನ್ನೂರಕ್ಕೂ ಹೆಚ್ಚು ಸ್ಕ್ವಾಟ್ ಹೊಡೆದೆ. ಮಂಗಳವಾರ ಬೆಳಗಿನ ಜಾವ ಕರೆ ಬಂತು. ಏಣಿಯ ಐದಾರು ಮೆಟ್ಟಿಲು ಹತ್ತಿದ್ದೇನೆ, ತೊಡೆ ನಡುಗತೊಡಗಿತು. ಬಲಗಾಲು ಮೇಲಿನ ಮೆಟ್ಟಿಲಿಗೆ ಇಟ್ಟು ಮೈ ಎತ್ತಲು ಹೋದರೆ ಮಂಡಿ ಒಳಕ್ಕೆ ವಾಲುತ್ತಿತ್ತು. ಎರಡೂ ಕೈಯಲ್ಲಿ ಏಣಿ ತಬ್ಬಿಕೊಂಡು ನಿಂತೆ. ಕೆಳಗಿದ್ದವರಿಗೆ "ಬೇರೆಯವರನ್ನ ಕಳಿಸಿ" ಅಂತ ಕೂಗಿ ಇಳಿದು ಬಂದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ಆ ಕಿಟಕಿಯಲ್ಲಿ ಯಾರಾದರೂ ಕಾಯುತ್ತಾ ನಿಂತಿದ್ದರೆ?

ರೂಢಿಯಿಲ್ಲದ ಜೋರು ವ್ಯಾಯಾಮದ ನೋವು ಅದೇ ದಿನ ಗೊತ್ತಾಗುವುದಿಲ್ಲ. 24ರಿಂದ 72 ಗಂಟೆಯ ಮಧ್ಯೆ ಅದು ಏರಿ ನಿಲ್ಲುತ್ತದೆ. ಸ್ವಯಂಸೇವಕರಿಗೆ ಆ ಮೂರು ದಿನವೂ ಕೆಲಸದ ದಿನವೇ. ಇನ್ನೂ ಕೆಟ್ಟದ್ದು ಒಂದಿದೆ. ವಿಪರೀತ ಮಾಡಿದರೆ ಸ್ನಾಯು ಒಡೆದು ಅದರ ಕಸ ಮೂತ್ರಪಿಂಡಕ್ಕೆ ಹೋಗುತ್ತದೆ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹಾಗಾಗಿ ಈ ಬಗೆಯ ಕ್ಲಾಸನ್ನು ನಾನು ಮೊದಲ ಆಯ್ಕೆಯಾಗಿ ಯಾರಿಗೂ ಹೇಳುವುದಿಲ್ಲ. ಆರು ತಿಂಗಳ ಅಡಿಪಾಯ ಇರುವವರು ವಾರಕ್ಕೊಂದು ದಿನ, ಪೈಪೋಟಿ ಬಿಟ್ಟು ಮಾಡಬಹುದು.

ಮನೆಯಲ್ಲೇ ಮಾಡುವುದು

ಬಸ್ಕಿ, ದಂಡ, ಪ್ಲ್ಯಾಂಕ್, ಒಂದು ಕೆಟಲ್‌ಬೆಲ್ (ಹಿಡಿ ಇರುವ ಕಬ್ಬಿಣದ ಗುಂಡು) ಅಥವಾ ಮರಳು ತುಂಬಿದ ಚೀಲ. ಸುಮ್ನೆ ಹೇಳುತ್ತಿಲ್ಲ, ಸ್ವಯಂಸೇವಕರಲ್ಲಿ ಹೆಚ್ಚಿನವರಿಗೆ ಇದೇ ಸರಿ. 25 ನಿಮಿಷದಲ್ಲಿ ಮುಗಿಯುತ್ತದೆ. ಮಳೆ ಬಂದರೂ ಆಗುತ್ತದೆ, ಮಕ್ಕಳು ಮಲಗಿದ ಮೇಲೂ ಆಗುತ್ತದೆ. ಫೋನ್ ಬಂದರೆ ಅರ್ಧಕ್ಕೆ ಬಿಟ್ಟು ಓಡಬಹುದು.

ಮರಳಿನ ಚೀಲವನ್ನು ವಿಶೇಷವಾಗಿ ಹೇಳಬೇಕು. ಕಬ್ಬಿಣದ ಭಾರಕ್ಕೆ ಹಿಡಿ ಇರುತ್ತದೆ, ಆಕಾರ ಇರುತ್ತದೆ. ಪ್ರಜ್ಞೆ ತಪ್ಪಿದ ಮನುಷ್ಯನ ಮೈಗೆ ಎಲ್ಲಿ ಹಿಡಿಯುವುದು? ಚೀಲವೂ ಹಾಗೇ. ಅಪ್ಪಿ ಎತ್ತುವಾಗ ಮರಳು ಒಂದು ಕಡೆ ಜಾರುತ್ತದೆ, ನೀವು ಸೊಂಟ ತಿರುಗಿಸದೆ ಅದನ್ನು ಸಮ ಮಾಡಿಕೊಳ್ಳಬೇಕು. 15 ಕಿಲೋದಿಂದ ಶುರು ಮಾಡಿ. ಎತ್ತಿ ಹೆಗಲಿಗೆ ಹಾಕಿ, ಇಳಿಸಿ, ಇನ್ನೊಂದು ಹೆಗಲಿಗೆ. ಆಮೇಲೆ ಅಪ್ಪಿಕೊಂಡು ನಡೆಯಿರಿ. ಕೈಹಿಡಿತಕ್ಕೆ ನೀರು ತುಂಬಿದ ಎರಡು ಬಕೆಟ್ ಹಿಡಿದು ನಡೆದರೂ ಸಾಕು.

ದಂಡದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 1,104 ಪುರುಷ ಅಗ್ನಿಶಾಮಕರನ್ನು 10 ವರ್ಷ ಗಮನಿಸಿ 2019ರಲ್ಲಿ ವರದಿ ಬಂತು. ಶುರುವಿನಲ್ಲಿ 40ಕ್ಕಿಂತ ಹೆಚ್ಚು ದಂಡ ಹೊಡೆದವರಿಗೆ, 10 ಕೂಡ ಹೊಡೆಯಲಾಗದವರಿಗಿಂತ ಹೃದಯದ ತೊಂದರೆ ತುಂಬಾ ಕಡಿಮೆ ಇತ್ತು. ಹಾಗಂತ ದಂಡವೇ ಔಷಧಿ ಅಂದುಕೊಳ್ಳಬೇಡಿ. ಅಷ್ಟು ಹೊಡೆಯುವವರ ಇಡೀ ಮೈ ಚೆನ್ನಾಗಿರುತ್ತದೆ, ಅದರ ಗುರುತು ಅದು. ಆದರೂ ತಿಂಗಳಿಗೊಮ್ಮೆ ಎಣಿಸಿ ಬರೆದಿಟ್ಟುಕೊಳ್ಳಲು ಇದು ಒಳ್ಳೆಯ ಅಳತೆ.

ಮನೆ ವ್ಯಾಯಾಮದ ಕೊರತೆ ಒಂದೇ: ಒಬ್ಬರೇ ಮಾಡುವುದರಿಂದ ತಪ್ಪಿಸುವುದೂ ಸುಲಭ. ಆ್ಯಪ್‌ಗಳು ಇದಕ್ಕೆ ಸ್ವಲ್ಪ ಸಹಾಯ ಮಾಡುತ್ತವೆ. ಆದರೆ ನಿನ್ನೆ ರಾತ್ರಿ ನೀವು ನಾಲ್ಕು ಗಂಟೆ ಬೆಂಕಿ ಮುಂದೆ ಇದ್ದಿರಿ ಅಂತ ಆ್ಯಪ್‌ಗೆ ಗೊತ್ತಾಗುವುದಿಲ್ಲ. ಅಂಥ ದಿನ ಅದು ಏನೇ ಹೇಳಿದರೂ ನೀರು ಕುಡಿದು ಮಲಗಿ.

ಠಾಣೆಯಲ್ಲಿ ಎಲ್ಲರೂ ಸೇರಿ

ಹೋಸ್ ಎಳೆಯುವುದು, ಏಣಿ ಎತ್ತಿ ನಿಲ್ಲಿಸುವುದು, ಸುತ್ತಿಗೆ ಬೀಸುವುದು, ಬೊಂಬೆ ಎಳೆಯುವುದು. ಕೆಲಸಕ್ಕೆ ಇದಕ್ಕಿಂತ ಹತ್ತಿರವಾದ ವ್ಯಾಯಾಮ ಇಲ್ಲ. ಮಾಸ್ಕ್ ಹಾಕಿಕೊಂಡು ನಿಮ್ಮದೇ ಉಸಿರಿನ ಸದ್ದು ಕಿವಿ ತುಂಬುತ್ತಿರುವಾಗ, ಗ್ಲೌಸಿನ ಒಳಗೆ ಬೆವರಿ ಹಿಡಿತ ಜಾರುತ್ತಿರುವಾಗ, ಹೆದರದೆ ಉಸಿರು ನಿಧಾನ ಮಾಡುವುದನ್ನು ಯಾವ ಜಿಮ್ಮೂ ಕಲಿಸುವುದಿಲ್ಲ. ತಂಡದ ಹಿರಿಯರು ಬಂದು ನಿಂತರೆ ಕಿರಿಯರು ತಪ್ಪಿಸುವುದಿಲ್ಲ. ತಂಡದಲ್ಲೇ ಒಬ್ಬರು ತರಬೇತಿ ಪಡೆದು ಉಳಿದವರಿಗೆ ಮಾರ್ಗದರ್ಶನ ಮಾಡುವ ಪದ್ಧತಿ ಹಲವು ಕಡೆ ಇದೆ. ಹೊರಗಿನ ಕೋಚ್‌ಗಿಂತ ನಮ್ಮೊಳಗಿನವರ ಮಾತು ಜಾಸ್ತಿ ನಡೆಯುತ್ತದೆ.

ಆದರೆ ಪೂರ್ತಿ ಸೂಟಿನಲ್ಲಿ ದಿನಾ ಮಾಡುವಂಥದ್ದಲ್ಲ. ಮೈ ವಿಪರೀತ ಬಿಸಿಯಾಗುತ್ತದೆ. ವಾರಕ್ಕೆ ಅಥವಾ ಹದಿನೈದು ದಿನಕ್ಕೆ ಒಮ್ಮೆ ಸಾಕು. ಎರಡು ಸುತ್ತಿನ ಮಧ್ಯೆ ಕೋಟು ಬಿಚ್ಚಿ ತಣ್ಣಗಾಗಿ, ನೀರು ಕುಡಿಯಿರಿ. ತಲೆ ಸುತ್ತಿದರೆ, ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ, ಪಕ್ಕದವರಿಗೆ ಹೇಳಿ. ಬೆಂಕಿಗೆ ಹೋಗಿ ಬಂದು ತೊಳೆಯದ ಸೂಟನ್ನು ವ್ಯಾಯಾಮಕ್ಕೆ ಹಾಕಲೇಬೇಡಿ. ಅಗ್ನಿಶಾಮಕರ ಕೆಲಸ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲೇ ಹೇಳಿದೆ. ಆ ಮಸಿಯ ಮೇಲೆ ಬೆವರು ಸುರಿಸುವುದು ಬೇಡ.

ಭಾರ ಹೊತ್ತು ನಡೆಯುವುದು, ಪರೀಕ್ಷೆಗೆ ತಯಾರಿ

ಕಾಡ್ಗಿಚ್ಚಿಗೆ ಹೋಗುವ ತಂಡಗಳಿಗೆ ಬೆನ್ನಿಗೆ ಭಾರ ಹೊತ್ತು ನಡೆಯುವುದೇ ಮುಖ್ಯ ವ್ಯಾಯಾಮ. ಅಮೆರಿಕದ ಕಾಡ್ಗಿಚ್ಚಿನ ಸಿಬ್ಬಂದಿಯ ಪರೀಕ್ಷೆಯೂ ಅದೇ: ಸುಮಾರು 20 ಕಿಲೋ ಹೊತ್ತು 4.8 ಕಿಲೋಮೀಟರ್, 45 ನಿಮಿಷದೊಳಗೆ, ಓಡುವ ಹಾಗಿಲ್ಲ. ಶುರುವಿನಲ್ಲಿ 5 ಕಿಲೋ ಸಾಕು. ಮೊದಲು ದೂರ ಹೆಚ್ಚಿಸಿ, ಆಮೇಲೆ ಭಾರ. ಭಾರ ಹೊತ್ತು ಓಡಬೇಡಿ, ಮಂಡಿಗೂ ಬೆನ್ನಿಗೂ ಪೆಟ್ಟು. ಪಟ್ಟಣದ ತಂಡದವರಿಗೂ ಇದು ಒಳ್ಳೆಯದೇ, ಮೆಟ್ಟಿಲು ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಸೇರ್ಪಡೆ ಪರೀಕ್ಷೆಗೆಂದೇ ಮಾಡಿದ ಕ್ರಮಗಳೂ ಸಿಗುತ್ತವೆ. ಉತ್ತರ ಅಮೆರಿಕದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಮೊದಲನೆಯದೇ 34 ಕಿಲೋ ಭಾರದಲ್ಲಿ ಮೂರು ನಿಮಿಷ ಮೆಟ್ಟಿಲು, ನಿಮಿಷಕ್ಕೆ 60 ಹೆಜ್ಜೆ. ಪರೀಕ್ಷೆ ಎದುರಿಗಿದ್ದರೆ ಎಂಟು ಹನ್ನೆರಡು ವಾರ ಇದನ್ನೇ ಮಾಡಿ. ಪಾಸಾದ ಮೇಲೆ ಬೇರೆ ಕ್ರಮಕ್ಕೆ ಬನ್ನಿ. ಪರೀಕ್ಷೆ ಮುಗಿದ ಆರು ತಿಂಗಳಿಗೆ ಹಳೆಯ ಮೈಗೇ ವಾಪಸಾದವರು ತುಂಬಾ ಜನ.

ನಾನಾದರೆ ಏನು ಆರಿಸುತ್ತೇನೆ

ವಾರಕ್ಕೆ ಎರಡು ದಿನ ಮನೆಯಲ್ಲಿ ಬಲದ ವ್ಯಾಯಾಮ, 25 ನಿಮಿಷ. ಎರಡು ದಿನ ನಿಧಾನದ ಓಟ ಅಥವಾ ಜೋರು ನಡಿಗೆ, ಅದರಲ್ಲಿ ಒಂದು ದಿನ ಬೆನ್ನಿಗೆ ಭಾರ. ಠಾಣೆಯಲ್ಲಿ ತಂಡದ ಅಭ್ಯಾಸ ಇದ್ದ ವಾರ ಒಂದು ದಿನದ ವ್ಯಾಯಾಮ ಕೈಬಿಡುತ್ತೇನೆ. ರಾತ್ರಿ ದೊಡ್ಡ ಕರೆ ಇದ್ದರೆ ಮರುದಿನ ರಜೆ, ಅದನ್ನು ತುಂಬಿಸಲು ಮುಂದಿನ ದಿನ ಎರಡರಷ್ಟು ಮಾಡುವುದಿಲ್ಲ. ಕಾಲಿಗೆ ಭಾರವಾದ ವ್ಯಾಯಾಮವನ್ನು ತಂಡದಲ್ಲಿ ಜನ ಜಾಸ್ತಿ ಸಿಗುವ ದಿನಗಳಿಗೆ ಇಟ್ಟುಕೊಳ್ಳುತ್ತೇನೆ. ನನ್ನೊಬ್ಬನ ಮೇಲೆ ಭಾರ ಬೀಳುವ ದಿನ ಹಗುರ.

ಎಲ್ಲರಿಗೂ ಇದೇ ಅಂತ ಹೇಳಲಾರೆ. ಹೊಸದಾಗಿ ಸೇರಿದ, ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸದವರು ಮೊದಲ ಎರಡು ತಿಂಗಳು ನಡಿಗೆ ಮತ್ತು ಬಸ್ಕಿಯಷ್ಟೇ ಮಾಡಿ, ಸೂಟಿನ ಡ್ರಿಲ್ ಆಮೇಲೆ. ಐವತ್ತು ದಾಟಿದವರು ಓಟಕ್ಕಿಂತ ಸೈಕಲ್, ಮತ್ತು ಬಲದ ವ್ಯಾಯಾಮ ಬಿಡಲೇಬೇಡಿ, ವಯಸ್ಸಾದಂತೆ ಮೊದಲು ಕರಗುವುದು ಸ್ನಾಯುವೇ. ಗಾಡಿ ಓಡಿಸುವವರು, ಪಂಪ್ ನೋಡಿಕೊಳ್ಳುವವರು "ನಾವು ಒಳಗೆ ಹೋಗಲ್ಲ" ಅಂತ ಬಿಡುತ್ತಾರೆ. ಕರೆ ಬಂದಾಗ ಅವರ ಎದೆಬಡಿತವೂ ಏರುತ್ತದೆ, ಹೋಸ್ ಜೋಡಿಸಲು ಅವರೂ ಓಡುತ್ತಾರೆ. ಅವರಿಗೂ ಓಟವೋ ನಡಿಗೆಯೋ ಬೇಕೇ ಬೇಕು.

ಯಾವುದನ್ನೇ ಆರಿಸಿ, ಹನ್ನೆರಡು ವಾರ ಕೊಟ್ಟು ನೋಡಿ. ಶುರುವಿನ ದಿನ ಒಂದೇ ಎತ್ತರದ ಮೆಟ್ಟಿಲನ್ನು ಮೂರು ನಿಮಿಷ ಒಂದೇ ಲಯದಲ್ಲಿ ಹತ್ತಿ ಇಳಿಯಿರಿ. ಕುಳಿತು, ಒಂದು ನಿಮಿಷ ಬಿಟ್ಟು ನಾಡಿ ಎಣಿಸಿ, ಬರೆದಿಡಿ. ತಿಂಗಳಿಗೊಮ್ಮೆ ಅದೇ ಮೆಟ್ಟಿಲು, ಅದೇ ಲಯ. ಅಂಕಿ ಇಳಿಯುತ್ತಾ ಬಂದರೆ ಕ್ರಮ ನಿಮಗೆ ಹೊಂದಿದೆ. ಇದ್ದಲ್ಲೇ ಇದ್ದರೆ ಓಟದ ದಿನ ಒಂದು ಹೆಚ್ಚಿಸಿ. ಚೆನ್ನಾಗಿ ಮಾಡುತ್ತಿದ್ದರೂ ಅಂಕಿ ಏರುತ್ತಿದೆ ಅಂದರೆ ವ್ಯಾಯಾಮ ನಿಲ್ಲಿಸಿ, ಆ ಚೀಟಿ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಅವರು ಒಪ್ಪುವವರೆಗೆ ಬಿಎ ಸೆಟ್ ಹಾಕುವುದಿಲ್ಲ ಅಂತ ನಿಮ್ಮ ತಂಡದ ಮುಖ್ಯಸ್ಥರಿಗೆ ತಿಳಿಸಿ.